ಕರೆಯುವ ಕೆಲಸ

ಸಾವಕ್ಕ ಹಂಡ್ಯಾನ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ. ಇದನ್ನು ಆಕೆ ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತಿದ್ದಳು, ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಾಯಿಯನ್ನು ಹೊಡೆಯುವ ಕೆಲಸ ಗಂಡ ಮಲಕಾರಿಯದು. ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂದು ಹೇಳುವ ಕೆಲಸ ಮಾವ ವಿಠೋಬಾನದು. ಸಾವಕ್ಕನ ಪಾಲಿಗೆ ಬಂದದ್ದು ಬರೀ ಕರೆಯುವ ಕೆಲಸ.

ಪಾಲಬಾವಿಯ ಈ ಕುರಿಗಾರರ ಸಂಸಾರ ದೀಪಾವಳಿ ಮುಗಿದ ಮೇಲೆ ಊರಲ್ಲಿ ನಿಲ್ಲುತ್ತಿರಲಿಲ್ಲ. ಕುದುರೆಯ ಮೇಲೆ ಗಂಟುಮೂಟೆ ಹೇರಿ, ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಇಳಿದರೆ ಮತ್ತೆ ಊರ ಮುಖ ನೋಡುವುದು ಮುಂಗಾರಿಗೇ. ಉಗಾರ ಬುದ್ರುಕದ ಹೊಲಗಳಲ್ಲಿ ಕಬ್ಬು ಕಡಿದಾದ ಮೇಲೆ ಕುರಿ ತರುಬಿಸುವ ರೂಢಿ. ರಾತ್ರಿ ಬಲೆ ಕಟ್ಟಿ, ಸುತ್ತ ಮುಳ್ಳು ಒಟ್ಟಿ, ಆ ದಡ್ಡಿಯೊಳಗೆ ಕುರಿ ಕೂಡಿಹಾಕುವುದು. ಹಿಕ್ಕೆ, ಉಚ್ಚೆ ಬಿದ್ದ ಹೊಲಕ್ಕೆ ಮುಂದೆ ಗೊಬ್ಬರ ಬೇಡ. ಹೊಲದ ಧಣಿ ಜೋಳ ಕೊಡುತ್ತಾನೆ. ಎಂಬತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಇವರ ದಡ್ಡಿ ಬಿದ್ದದ್ದು ರಾವಸಾಹೇಬರ ಹೊಲದಲ್ಲಿ. ಕಬ್ಬೂ ಇದ್ದ, ದ್ರಾಕ್ಷಿಯೂ ಇದ್ದ, ಮಾತಿನಲ್ಲಿ ಮೆದುವಾಗಿದ್ದ ಧಣಿ.

ಹಂಡ್ಯಾ ಇವರ ದಡ್ಡಿಯಲ್ಲೇ ಹುಟ್ಟಿದ ನಾಯಿ. ಕಣ್ಣು ಬಿಡುವ ಮೊದಲೇ ಅದನ್ನು ತಾಯಿಯ ಮಗ್ಗುಲಿನಿಂದ ಎತ್ತಿ, ಮರಿ ಕಳೆದುಕೊಂಡ ಕುರಿಯೊಂದರ ಮೊಲೆಗೆ ಹಚ್ಚಿದ್ದಳು ಸಾವಕ್ಕ. ಕುರಿ ಒದೆಯಿತು, ಇವಳು ಕಾಲು ಕಟ್ಟಿ ಕುಡಿಸಿದಳು. ಹಾಗೆ ಬೆಳೆದ ನಾಯಿಗೆ ಕುರಿಗಳೇ ಬಂಧು ಬಳಗ, ಅವುಗಳಿಗಾಗಿ ಜೀವ ಕೊಡುತ್ತದೆ. ಇಲ್ಲಿಯ ತನಕ ಕುರಿಗಾರರ ವಿದ್ಯೆಯಲ್ಲಿ ಯಾರೂ ತಪ್ಪು ತೆಗೆಯುವಂತಿಲ್ಲ. ಮುಂದಿನದರಲ್ಲಿ ಧಾರಾಳವಾಗಿ ತೆಗೆಯಬಹುದು. ಮರಿ ಓಡಾಡುವಂತಾದ ಮೇಲೆ ವಿಠೋಬಾ ಉಣ್ಣೆ ಕತ್ತರಿಸುವ ಕತ್ತರಿ ತಂದು ಅದರ ಕಿವಿ ಕತ್ತರಿಸಿದ. ಆ ಚೂರುಗಳನ್ನು ಕೆಂಡದಲ್ಲಿ ಸುಟ್ಟು, ರೊಟ್ಟಿಯಲ್ಲಿ ಸುತ್ತಿ, ಅದಕ್ಕೇ ತಿನ್ನಿಸಿದ. ತನ್ನ ಕಿವಿ ತಾನು ತಿಂದ ನಾಯಿ ತೋಳಕ್ಕೂ ಅಂಜುವುದಿಲ್ಲವಂತೆ. ಅವತ್ತು ಮರಿಯನ್ನು ಕರೆದು ಹಿಡಿದುಕೊಟ್ಟವಳು ಸಾವಕ್ಕ. ಆಮೇಲೆ ರಕ್ತ ಒರೆಸಿ, ಅರಿಸಿನ ಮೆತ್ತಿ, ಸೆರಗಿನಲ್ಲಿ ಸುತ್ತಿಕೊಂಡು ಕೂತು ಅತ್ತವಳೂ ಅವಳೇ. ಅತ್ತದ್ದು ಅವಳ ನೆನಪಿನಲ್ಲಿ ಉಳಿಯಿತು, ಕರೆದದ್ದು ಉಳಿಯಲಿಲ್ಲ.

ಈ ಮನೆಯಲ್ಲಿ ನಾಯಿಯ ವಿಷಯದಲ್ಲಿ ಒಂದು ಕಟ್ಟಳೆ ಇತ್ತು. ನಾಯಿ ಮೈಲಾರಲಿಂಗನದು. ಸಂಜೆ ದೇವರನ್ನಿಟ್ಟ ಬುಟ್ಟಿಯ ಮುಂದೆ ದೀಪ ಹಚ್ಚಿದ ಮೇಲೆ ಬೆಳಗಾಗುವ ತನಕ ಅದು ದೇವರ ಚಾಕರಿಯಲ್ಲಿರುತ್ತದೆ, ಆಗ ಅದನ್ನು ಹೊಡೆಯಬಾರದು. ಆದರೆ ಕುರಿ ಕಾಯುವ ನಾಯಿ ತಪ್ಪು ಮಾಡಿದರೆ ಮಾಡುವುದೆಲ್ಲ ರಾತ್ರಿಯೇ. ಹೆಣ್ಣುನಾಯಿಯ ವಾಸನೆ ಹಿಡಿದು ಊರೊಳಗೆ ಹೋಗುವುದು, ಮಲಗಿ ನಿದ್ದೆ ಮಾಡುವುದು, ಅಷ್ಟರಲ್ಲಿ ನರಿ ಬಂದು ಮರಿ ಎತ್ತುವುದು. ಅದಕ್ಕೆ ರಾತ್ರಿಯ ತಪ್ಪಿನ ಹೊಡೆತ ಮುಂಜಾನೆಗೆ ಬಾಕಿ. ಮುಂಜಾನೆ ಸಾವಕ್ಕ ರೊಟ್ಟಿ ಹಿಡಿದು ಕರೆಯಬೇಕು. ನಾಯಿ ಬಾಲ ಆಡಿಸುತ್ತ ಬರಬೇಕು. ಅವಳು ಕೊರಳು ತಬ್ಬಿ ಹಿಡಿಯಬೇಕು. ಮಲಕಾರಿ ಬಡಿಗೆ ತಗೊಂಡು ಬಾಕಿ ತೀರಿಸಬೇಕು. ಬಾಕಿ ಉಳಿಸಿಕೊಂಡ ನಾಯಿಗೆ ಕೂಳು ಹಾಕಿದರೆ ಆ ಪಾಪ ಕುರಿಗಳಿಗೆ ತಟ್ಟಿ ಮರಿಗಳು ಸಾಯುತ್ತವೆ ಎಂದು ವಿಠೋಬಾ ತನ್ನ ಅಪ್ಪನಿಂದ ಕೇಳಿದ್ದ. ಅವನಪ್ಪ ಯಾರಿಂದ ಕೇಳಿದ್ದನೋ ಗೊತ್ತಿಲ್ಲ. ಸ್ವತಃ ಮೈಲಾರಲಿಂಗನನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಒಮ್ಮೆ ಮಾತ್ರ ಸಾವಕ್ಕ ಗಂಡನ ಹತ್ತಿರ ಬಾಯಿ ಬಿಟ್ಟಿದ್ದಳು. ಉಗಾರಕ್ಕೆ ಬಂದ ಹೊಸತರಲ್ಲಿ ಹಂಡ್ಯಾ ರಾತ್ರಿ ಎಲ್ಲೋ ಹೋಗಿ ನಸುಕಿನಲ್ಲಿ ಬಂದಿತ್ತು. ಮುಂಜಾನೆ ಎಂದಿನಂತೆ ಅವಳು ಕರೆದಳು, ಬಂತು, ಹಿಡಿದಳು, ಮಲಕಾರಿ ಹೊಡೆದ. ಹೊಡೆತ ಬೀಳುವಾಗ ಅದು ಮಲಕಾರಿಯ ಕಡೆ ನೋಡಲಿಲ್ಲ, ಕತ್ತು ತಿರುಗಿಸಿ ಇವಳ ಮುಖವನ್ನೇ ನೋಡುತ್ತಿತ್ತು.

"ರಾತ್ರಿ ಮಾಡಿದ್ದಕ್ಕ ಮುಂಜಾನಿ ಹೊಡದ್ರ ಅದಕ್ಕರ ಏನ್ ತಿಳೀತೈತ್ರಿ?" ಎಂದಳು.

"ಯಾಕ ತಿಳಿಯಂಗಿಲ್ಲ? ನೋಡಲ್ಲೆ, ಬಾಲ ಕಾಲಾಗ ಇಟಗೊಂಡು ಹ್ಯಾಂಗ ತಲಿ ತಗ್ಗಿಸೇತಿ. ತಪ್ಪು ಮಾಡೀನಿ ಅನ್ನೂದು ಗೊತ್ತಿಲ್ಲದ ತಗ್ಗಿಸ್ತೈತೇನು?"

ನಾಯಿ ತಲೆ ತಗ್ಗಿಸಿದ್ದು ಮಲಕಾರಿಯ ಕೈಯಲ್ಲಿ ಬಡಿಗೆ ಇತ್ತೆಂದು. ಅಷ್ಟು ಸರಳ. ಆದರೆ ಎದುರಿಗೆ ನಿಂತವರ ಮುಖದಲ್ಲಿ ತನಗೆ ಬೇಕಾದ್ದನ್ನು ಓದುವ ವಿದ್ಯೆ ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಮಲಕಾರಿ ಕ್ರೂರಿಯೇನಲ್ಲ. ಹೊಡೆದ ದಿನ ಅವನೂ ಸರಿಯಾಗಿ ಉಣ್ಣುತ್ತಿರಲಿಲ್ಲ. ತನ್ನ ರೊಟ್ಟಿಯಲ್ಲಿ ಅರ್ಧ ನಾಯಿಗೆ ಒಗೆಯುತ್ತಿದ್ದ. ಅಪ್ಪ ಹೇಳಿದ್ದನ್ನು ಮಾಡುವ ಮಗ, ಅಷ್ಟೇ. ಅವನು ಆ ಮಾತು ಹೇಳಿದ ಮೇಲೆ ಸಾವಕ್ಕನೂ ಸುಮ್ಮನಾದಳು, ಸುಮ್ಮನಾಗುವುದು ಅವಳಿಗೂ ಅನುಕೂಲವೇ ಇತ್ತು.

ಹಂಡ್ಯಾ ಆಮೇಲೆ ಕರೆದರೆ ತಡಮಾಡಿ ಬರತೊಡಗಿತು. ಮೊದಲು ಓಡಿ ಬರುತ್ತಿದ್ದದ್ದು ನಡೆದು ಬಂತು. ನಡೆದು ಬರುತ್ತಿದ್ದದ್ದು ನಿಂತು ನಿಂತು ಬಂತು. ವಯಸ್ಸಿಗೆ ಬಂದ ನಾಯಿ, ಸೊಕ್ಕು ಏರಿದೆ ಎಂದ ವಿಠೋಬಾ. ಕರೆದ ಕೂಡಲೇ ಬರಲಿಲ್ಲವೆಂದು ಬಂದ ಮೇಲೆ ಮತ್ತೆರಡು ಬಿದ್ದವು. ಸಾವಕ್ಕ ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿಕೊಂಡಳು. ರೊಟ್ಟಿಯ ಮೇಲೆ ಬೆಲ್ಲದ ಚೂರು ಇಟ್ಟಳು. "ಬಾ ನನ್ನಪ್ಪಾ, ತಗೋ ತಗೋ" ಎಂದು ಮಗುವನ್ನು ಕರೆದಂತೆ ಕರೆಯುತ್ತಿದ್ದಳು. ದನಿ ಎಷ್ಟು ಸಿಹಿಯಾಯಿತೋ ನಾಯಿ ಅಷ್ಟು ದೂರ ನಿಂತಿತು. ಕೆಲಸದಲ್ಲಿ ಮಾತ್ರ ಅದು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ದಡ್ಡಿಯ ಸುತ್ತ ತಿರುಗುತ್ತಿತ್ತು, ಹೊಸ ಮರಿಗಳನ್ನು ಮೂಸಿ ನೆಕ್ಕುತ್ತಿತ್ತು, ಬೇರೆಯವರ ನೆರಳು ಬಿದ್ದರೆ ಗುರ್ ಎನ್ನುತ್ತಿತ್ತು. ಕುರಿಗಳ ಮೇಲಿನ ನಂಬಿಕೆ ಅದಕ್ಕಿತ್ತು. ಮನುಷ್ಯರ ಮೇಲಿನದು ಹೋಗಿತ್ತು.

ಮಾಘದ ಒಂದು ಮಧ್ಯಾಹ್ನ ಗಂಡಸರಿಬ್ಬರೂ ಕುರಿ ಮೇಯಿಸಲು ಹೊಳೆಯ ಕಡೆ ಹೋಗಿದ್ದರು. ದಡ್ಡಿಯಲ್ಲಿ ಉಳಿದದ್ದು ಹಾಲು ಬಿಡದ ಮರಿಗಳು, ಆ ದಿನ ಈದ ಎರಡು ಕುರಿ, ಸಾವಕ್ಕ, ಹಂಡ್ಯಾ. ಅವಳು ಒಂದು ಬಡಕಲು ಮರಿಯ ಬಾಯಿಗೆ ಮೊಲೆ ಹಚ್ಚುತ್ತಿದ್ದಾಗ ಊರ ಕಡೆಯಿಂದ ಒಂದು ಕೆಂಪು ನಾಯಿ ಬಂತು. ತಲೆ ತಗ್ಗಿಸಿಕೊಂಡು, ದಾರಿ ಬಿಟ್ಟು, ಯಾವುದನ್ನೂ ನೋಡದೆ ಬರುತ್ತಿತ್ತು. ಜೊಲ್ಲು ನೆಲದ ತನಕ ಇಳಿಬಿದ್ದಿತ್ತು. ಬಲೆಗೆ ಹಾಯ್ದು, ಹರಿದು, ಒಳಗೆ ನುಗ್ಗಿತು. ಸಾವಕ್ಕನಿಗೆ ಎದ್ದೇಳಲೂ ಆಗಲಿಲ್ಲ, ಮಡಿಲಲ್ಲಿ ಮರಿ ಇತ್ತು. ತನ್ನ ಕತೆ ಮುಗಿಯಿತು ಎಂದೇ ಅಂದುಕೊಂಡಳು.

ಹಂಡ್ಯಾ ಎಲ್ಲಿಂದ ಬಂತೋ ಕಾಣಲಿಲ್ಲ. ಎರಡೂ ಕೂಡಿ ಒಂದೇ ಮೈಯಾಗಿ ಉರುಳಾಡಿದವು. ಕೆಂಪು ನಾಯಿ ಹಂಡ್ಯಾನ ಹೆಗಲು ಕಚ್ಚಿ ಜಗ್ಗಿತು, ಹಂಡ್ಯಾ ಅದರ ಗಂಟಲಿಗೆ ಬಾಯಿ ಹಾಕಿ ದಡ್ಡಿಯ ಆಚೆ ಎಳೆದೊಯ್ದಿತು. ಅದು ಬಿಡಿಸಿಕೊಂಡು ಪಕ್ಕದ ಹೊಲದ ಕಬ್ಬಿನೊಳಗೆ ನುಗ್ಗಿತು, ಇದೂ ಬೆನ್ನು ಹತ್ತಿ ಹೋಯಿತು. ಒಂದೇ ಒಂದು ಮರಿಗೂ ಹಲ್ಲು ತಾಗಿರಲಿಲ್ಲ, ಸಾವಕ್ಕನಿಗೂ ತಾಗಿರಲಿಲ್ಲ. ಅವಳು ಬಹಳ ಹೊತ್ತು ಮರಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ಕೆಂಪು ನಾಯಿಯನ್ನು ಸಂಜೆಯೊಳಗೆ ಊರವರು ಹುಚ್ಚುನಾಯಿಯೆಂದು ಬಡಿದು ಹಾಕಿದರು. ಅಷ್ಟರಲ್ಲಿ ಅದು ಒಂದು ಎಮ್ಮೆಕರುವನ್ನೂ ಇನ್ನೊಂದು ನಾಯಿಯನ್ನೂ ಕಡಿದಿತ್ತು. ಹಂಡ್ಯಾ ಆ ರಾತ್ರಿ ದಡ್ಡಿಗೆ ಬರಲಿಲ್ಲ. ಎಲ್ಲೋ ಕಬ್ಬಿನಲ್ಲಿ ಗಾಯ ನೆಕ್ಕುತ್ತ ಬಿದ್ದಿತ್ತು. ಕಾಯುವ ನಾಯಿ ಇಲ್ಲದ್ದಕ್ಕೆ, ಹರಿದ ಬಲೆಯ ಸಂದಿಯಿಂದ ನರಿ ಬಂದು ಒಂದು ಮರಿ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ವಿಠೋಬಾ ರಕ್ತದ ಜಾಡು ನೋಡಿ, ಕಂಬಳಿ ಹೊದ್ದುಕೊಂಡು ಕೂತು, "ಬಾಕಿ ಆತು" ಎಂದ. ತನ್ನ ಸೊಸೆಯ ಜೀವ ಉಳಿಸಿದ ನಾಯಿ ಎಂಬುದು ಆ ಮುದುಕನ ಲೆಕ್ಕದಲ್ಲಿ ಬೇರೆ ಕಡೆ ಇತ್ತು, ಎರಡನ್ನೂ ಕೂಡಿಸಿ ಕಳೆಯುವ ಅಭ್ಯಾಸ ಅವನಿಗಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ರಾವಸಾಹೇಬರು ಮೋಟರ್‌ಸೈಕಲ್ ಮೇಲೆ ಬಂದರು. ಹಿಂದೆ ಅವರ ಆಳು ಕಾಮಣ್ಣ ಕೂತಿದ್ದ, ಅವನ ಹೆಗಲಿಗೆ ಹಂದಿ ಹೊಡೆಯುವ ಬಂದೂಕು. ರಾವಸಾಹೇಬರು ಗಾಡಿಯಿಂದ ಇಳಿಯುತ್ತಲೇ, "ಕಾಯ್ ರೇ ಮಲಕಾರಿ, ನಿನ್ನ ನಾಯಿಗೂ ಕಡದೈತಂತ?" ಎಂದರು.

"ಹೌದ್ರಿ ಧಣೀ. ಹೆಗಲಿಗೆ ಕಡದೈತ್ರಿ," ಎಂದ ಮಲಕಾರಿ.

ರಾವಸಾಹೇಬರು ಸಿಟ್ಟು ಮಾಡಲಿಲ್ಲ. ಹೊಲದ ಬದುವಿನ ಮೇಲೆ ದೂರದಲ್ಲಿ ಮಲಗಿದ್ದ ಹಂಡ್ಯಾನನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಚಲೋ ನಾಯಿ ಐತಿ. ಕೊಲ್ಲಾಕ ನನಗೂ ಮನಸಿಲ್ಲ. ದನದ ಡಾಕ್ಟರ್‌ಗೆ ಕೇಳೀನಿ, ಈಗಿಂದ ಈಗ ಸೂಜಿ ಹಾಕಿದ್ರ ಹುಚ್ಚು ಏರಂಗಿಲ್ಲ ಅಂತಾರ. ಆದ್ರ ಅದನ್ನ ಹಗ್ಗಾ ಹಾಕಿ ಕಟ್ಟಿ ಕೊಡಬೇಕು. ನಾಳಿ ಮಧ್ಯಾಹ್ನತಕಾ ಕಟ್ಟಿದ್ರ ನನ್ನ ಚಕ್ಕಡಿಯಾಗ ನಾನ ಕಳಸ್ತೀನಿ."

"ಕಟ್ಟಲಿಲ್ಲಂದ್ರರಿ?" ಎಂದು ಕೇಳಿದಳು ಸಾವಕ್ಕ.

"ಹೆಂಗಸರು, ಕೂಸುಗೋಳು ಇದ್ದ ಮನಿ ನಂದು, ತಂಗೀ. ಕಟ್ಟಲಿಲ್ಲಂದ್ರ ಕಾಮಣ್ಣ ತನ್ನ ಕೆಲಸ ಮಾಡ್ತಾನ."

ಸಾವಕ್ಕನ ಮುಂದೆ ಈಗ ಇದ್ದದ್ದು ಇಷ್ಟೇ: ಹಗ್ಗದ ಒಂದು ತುದಿ ಹಂಡ್ಯಾನ ಕೊರಳಿಗೆ ಬೀಳಬೇಕು. ಬಿದ್ದರೆ ಬದುಕುತ್ತದೆ, ಬೀಳದಿದ್ದರೆ ಸಾಯುತ್ತದೆ. ಇದೇನು ದೊಡ್ಡ ಕೆಲಸ ಎಂದು ಅವಳಿಗೆ ಅನ್ನಿಸಿತು. ಕರೆಯುವುದು ತಾನೇ, ಅದು ಅವಳದೇ ಕೆಲಸ. ರೊಟ್ಟಿ ತಗೊಂಡಳು, ಬೆಲ್ಲ ಇಟ್ಟಳು, ಸ್ವಲ್ಪ ಬೆಣ್ಣೆಯನ್ನೂ ಸವರಿದಳು. ಹೊಲದ ನಡುವೆ ನಿಂತು, "ಹಂಡ್ಯಾ, ಬಾ ನನ್ನಪ್ಪಾ, ತಗೋ ತಗೋ" ಎಂದು ಕರೆದಳು.

ಹಂಡ್ಯಾ ಎದ್ದು ನಿಂತಿತು. ಕಿವಿಯಿಲ್ಲದ ತಲೆ ಎತ್ತಿ ನೋಡಿತು. ಅವಳು ಎರಡು ಹೆಜ್ಜೆ ಮುಂದೆ ಹೋದಳು, ಅದು ಹಿಂದೆ ಸರಿಯಿತು. ಅವಳು ಮತ್ತೆ ಕರೆದಳು, ಇನ್ನೂ ಮೆತ್ತಗೆ. ಅದು ಬಾಲ ಹೊಟ್ಟೆಯ ಕೆಳಗೆ ತೂರಿಸಿಕೊಂಡು ಬದು ಇಳಿದು ಆಚೆ ಹೋಗಿ ಮಲಗಿತು. ಅವಳು ಕರೆಯುವುದನ್ನು ನಿಲ್ಲಿಸಿದರೆ ಅಲ್ಲೇ ಇರುತ್ತಿತ್ತು. ಬಾಯಿ ತೆರೆದರೆ ಎದ್ದು ದೂರ ಹೋಗುತ್ತಿತ್ತು. ಮಲಕಾರಿ ಕರೆದ. ಕಾಮಣ್ಣನೂ ಸಿಳ್ಳು ಹಾಕಿದ. ಅವರ ದನಿಗೆ ಅದು ಕತ್ತೂ ಎತ್ತಲಿಲ್ಲ. ಓಡಿಹೋಗುತ್ತಿದ್ದದ್ದು ಸಾವಕ್ಕನ ದನಿಗೆ ಮಾತ್ರ.

ಹಾಗೆ ಹೊತ್ತು ಇಳಿಯಿತು. ಸಾವಕ್ಕ ಕೈಯಲ್ಲಿ ಒಣಗಿದ ರೊಟ್ಟಿ ಹಿಡಿದುಕೊಂಡು ಕಬ್ಬಿನ ಕೂಳೆಗಳ ನಡುವೆ ಕುಸಿದು ಕೂತಳು. ಗಂಟಲು ಒಡೆದುಹೋಗಿತ್ತು. ಆಗ ಅವಳಿಗೆ ಗೊತ್ತಾಯಿತು. ಬಡಿಗೆ ಯಾವಾಗಲೂ ಹಿಂದಿನಿಂದ ಬರುತ್ತಿತ್ತು, ನಾಯಿಗೆ ಅದು ಕಾಣುತ್ತಿದ್ದದ್ದು ಹೊಡೆತ ಬಿದ್ದ ಮೇಲೆಯೇ. ಅದಕ್ಕೆ ಮೊದಲು ಕೇಳುತ್ತಿದ್ದದ್ದು ಇವಳ ದನಿ, ಮೊದಲು ತಾಗುತ್ತಿದ್ದದ್ದು ಇವಳ ಕೈ. ಮಲಕಾರಿ ಹೊಡೆಯುತ್ತಾನೆ ಎಂದು ಅದು ಕಲಿಯಲಿಲ್ಲ. ಸಾವಕ್ಕ ಕರೆದರೆ ಹೊಡೆತ ಬೀಳುತ್ತದೆ ಎಂದು ಕಲಿಯಿತು. ಕಲಿಸಿದ್ದನ್ನು ತಪ್ಪಿಲ್ಲದೆ ಕಲಿತಿತ್ತು ಬಡಪಾಯಿ. ಇಷ್ಟು ದಿನ ತಾನು ಹೊಡೆದಿಲ್ಲ ಎಂದು ಹೇಳಿಕೊಂಡು ತಿರುಗಿದ್ದಕ್ಕೆ ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಅವಳು ದಡ್ಡಿಗೆ ಬಂದಳು. ವಿಠೋಬಾ ದೇವರ ಬುಟ್ಟಿಯ ಮುಂದೆ ಭಂಡಾರದ ಅರಿಸಿನ ಹಚ್ಚಿಕೊಂಡು ಕೂತಿದ್ದ. ಮಲಕಾರಿ ಹಗ್ಗ ಹೊಸೆಯುತ್ತಿದ್ದ.

"ನಾಳಿ ಮುಂಜಾನಿ ನಾ ಒಬ್ಬಾಕೀನ ಹೋಗ್ತೀನಿ," ಎಂದಳು. "ಯಾರೂ ಬರಬ್ಯಾಡ್ರಿ. ಕರಿಯಂಗಿಲ್ಲ, ಏನಿಲ್ಲ. ಸುಮ್ನ ಕೂಡ್ತೀನಿ. ಬಂದ್ರ ಬರಲಿ."

"ಬಂದ ಮ್ಯಾಲ ಬಾಕಿ?" ಎಂದ ವಿಠೋಬಾ.

"ಮಾವಾ, ಅದು ನನ್ನ ಜೀಂವಾ ಉಳಿಸೇತಿ. ಇದೊಂದು ಸಲ ಬಿಡ್ರಿ."

"ನಾ ಬಿಡಾಕ ಯಾರವ್ವ? ಮರಿ ಸತ್ತೈತಿ. ಬಾಕಿ ಹೊತಗೊಂಡು ದಡ್ಡಿ ಬಿಟ್ಟು ಹೋದ ನಾಯಿ ಉಳಿಯಂಗಿಲ್ಲ. ಸೂಜಿ ಹಾಕಿದ್ರೂ ಹತ್ತಂಗಿಲ್ಲ." ಮುದುಕನ ದನಿಯಲ್ಲಿ ಹಟ ಇರಲಿಲ್ಲ, ಹೆದರಿಕೆ ಇತ್ತು. ಅವನಿಗೂ ಹಂಡ್ಯಾ ಬದುಕುವುದು ಬೇಕಾಗಿತ್ತು. ಇದನ್ನು ಹೇಳದೆ ಹೋದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸಾವಕ್ಕ ಗಂಡನ ಕಡೆ ತಿರುಗಿದಳು. "ನೀವರ ಹೇಳ್ರಿ. ನಾಳಿ ಬಡಗಿ ಮುಟ್ಟಂಗಿಲ್ಲ ಅಂತ ನನಗ ಮಾತು ಕೊಡ್ರಿ."

ಮಲಕಾರಿ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಆತು, ಮುಟ್ಟಂಗಿಲ್ಲ. ನೀ ಹಗ್ಗಾ ಹಾಕು," ಎಂದ. ಆ ಹೊತ್ತಿನಲ್ಲಿ ಅವನು ಸುಳ್ಳು ಹೇಳಿರಲಿಲ್ಲ.

ಬೆಳಗಾಯಿತು. ಹೊಳೆಯ ಮೇಲಿಂದ ಬಂದ ಮಂಜು ಕೂಳೆ ಹೊಲದ ಮೇಲೆ ಕೂತಿತ್ತು. ಸಾವಕ್ಕ ಆ ಬಡಕಲು ಮರಿಯನ್ನೂ ಅದರ ತಾಯಿಯನ್ನೂ ಹೊಡೆದುಕೊಂಡು ಬದುವಿನ ಹತ್ತಿರ ಹೋದಳು. ರೊಟ್ಟಿ ಒಯ್ಯಲಿಲ್ಲ, ಹಗ್ಗವನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಹಂಡ್ಯಾ ಇದ್ದ ಕಡೆಗೆ ಬೆನ್ನು ಮಾಡಿ ಕೂತು, ಮರಿಯನ್ನು ಮೊಲೆಗೆ ಹಚ್ಚಿದಳು. ತುಟಿ ಬಿಚ್ಚಲಿಲ್ಲ. ಕರೆಯಬೇಕು ಎಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಹಲ್ಲು ಕಚ್ಚಿ ಹಿಡಿದಳು.

ಮೊದಲು ಕಬ್ಬಿನ ಒಣ ರವದಿಯ ಸದ್ದಾಯಿತು. ಆಮೇಲೆ ಸದ್ದು ನಿಂತಿತು. ಮತ್ತೆ ಆಯಿತು. ಕುರಿ ತಲೆ ಎತ್ತಿ ನೋಡಿ, ಗುರುತು ಹಿಡಿದು, ಮೇಯತೊಡಗಿತು. ಸಾವಕ್ಕನ ಮೊಣಕೈಗೆ ಒದ್ದೆ ಮೂಗು ತಾಗಿತು. ಅವಳು ಅಲುಗಾಡಲಿಲ್ಲ. ಹಂಡ್ಯಾ ಅವಳನ್ನು ದಾಟಿ ಬಂದು ಮರಿಯ ಬಾಲ ಮೂಸಿತು, ನೆಕ್ಕಿತು, ಒಂದು ಸುತ್ತು ಹಾಕಿ ಅವಳ ತೊಡೆಗೆ ಮೈ ಆನಿಸಿ ಮಲಗಿತು. ಹೆಗಲ ಗಾಯ ಕೀವಾಗಿ ವಾಸನೆ ಬರುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಸಂತೋಷದ ನೀರೇ. ಇಷ್ಟು ಸುಲಭವಿತ್ತೇ ಎನ್ನಿಸಿತು. ಎಷ್ಟೋ ಹೊತ್ತು ಅದರ ಬೆನ್ನು ಸವರಿದಳು. ಸವರುತ್ತ ಸವರುತ್ತ ಹಗ್ಗ ಕೊರಳಿಗೆ ಹಾಕಿದಳು. ಹಂಡ್ಯಾ ಒಮ್ಮೆ ನಡುಗಿತು, ಅವಳ ಮುಖ ನೋಡಿತು, ಮತ್ತೆ ತಲೆ ಇಟ್ಟಿತು. ಅದು ಅವಳನ್ನು ಇನ್ನೊಮ್ಮೆ ನಂಬಿತು.

ಅವಳು ಎದ್ದಳು, ಅದೂ ಎದ್ದಿತು. ಹಗ್ಗ ಸಡಿಲವಾಗಿಯೇ ಇತ್ತು. ದಾರಿಯ ಕಡೆ ಚಕ್ಕಡಿ ನಿಂತಿತ್ತು, ಕಾಮಣ್ಣ ಎತ್ತು ಕಟ್ಟುತ್ತಿದ್ದ. ನಡುವೆ ಮಲಕಾರಿ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಬ್ಯಾಡ್ರಿ," ಎಂದಳು ಸಾವಕ್ಕ, ಕೈ ನೋಡಿ.

"ಹೊಡಿಯಂಗಿಲ್ಲ ಮಾರಾಯ್ತಿ," ಎಂದ ಮಲಕಾರಿ ಮೆಲ್ಲಗೆ. ರಾತ್ರಿಯೆಲ್ಲ ಅವನ ಕಣ್ಣಿಗೆ ನಿದ್ದೆ ಇರಲಿಲ್ಲವೆಂದು ಕಾಣುತ್ತಿತ್ತು. "ಬರೇ ಮುಟ್ಟಸ್ತೀನಿ. ಬೆನ್ನ ಮ್ಯಾಲ ಒಂದು ಸಲ ಮುಟ್ಟಿಸಿದ್ರ ಬಾಕಿ ತೀರತೈತಂತ ಅಪ್ಪ ಅಂದಾನ. ನೋವರ ಎಲ್ಲಿ ಆಗ್ತೈತಿ? ಅದರ ಸಲುವಾಗೇ ಹೇಳಾಕತ್ತೀನಿ, ಸೂಜಿ ಹತ್ತಲಿ ಅಂತ. ಕೊಳ್ಳ ಗಟ್ಟಿ ಹಿಡಿ."

ಇಲ್ಲಿ ಅವಳು ಹಗ್ಗ ಬಿಡಬಹುದಿತ್ತು. ಗಂಡನನ್ನು ನೂಕಬಹುದಿತ್ತು, ಅಡ್ಡ ಬೀಳಬಹುದಿತ್ತು. ಬಿಟ್ಟರೆ ನಾಯಿ ಓಡಿಹೋಗುತ್ತದೆ, ಓಡಿಹೋದರೆ ಮತ್ತೆ ಸಿಗುವುದಿಲ್ಲ, ಬಂದೂಕು ಚಕ್ಕಡಿಯಲ್ಲೇ ಇದೆ. ಇಷ್ಟೆಲ್ಲ ಅವಳ ತಲೆಯಲ್ಲಿ ಒಮ್ಮೆಲೇ ಬಂತು. ಬರೀ ಮುಟ್ಟಿಸುವುದು ತಾನೇ. ಮಾವ ಹೇಳಿದ್ದು ನಿಜವಿದ್ದರೆ? ಅವಳು ಮಂಡಿಯೂರಿ ಹಂಡ್ಯಾನ ಕೊರಳನ್ನು ಎಡಗೈಯಲ್ಲಿ ತಬ್ಬಿ ಹಿಡಿದಳು. ಎಂದಿನಂತೆ ಹಿಡಿದಳು.

ಮಲಕಾರಿ ಹೊಡೆಯಲಿಲ್ಲ. ಬಡಿಗೆಯನ್ನು ಎತ್ತಿದ, ಅಷ್ಟೇ. ಕೊರಳು ತಬ್ಬಿದ ಕೈ ಯಾವುದು, ಮುಂದೆ ಆಗುವುದೇನು ಎಂದು ಹಂಡ್ಯಾನಿಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ. ಅದು ಒದ್ದಾಡಿತು, ಅವಳು ಬಿಗಿ ಮಾಡಿದಳು. ಆ ಎಳೆದಾಟದಲ್ಲಿ ಮಲಕಾರಿಯ ಬಡಿಗೆ ತಪ್ಪಿ, ಬೆನ್ನ ಬದಲು ಹೆಗಲ ಗಾಯಕ್ಕೆ ತಾಗಿತು. ಹಂಡ್ಯಾ ಕಿರುಚಿ ಕತ್ತು ತಿರುಗಿಸಿ, ತನ್ನನ್ನು ಹಿಡಿದಿದ್ದ ಕೈಗೆ ಬಾಯಿ ಹಾಕಿತು. ಹಲ್ಲು ಮುಂಗೈಯ ಎಲುಬಿನ ತನಕ ಇಳಿದವು. ಸಾವಕ್ಕ ಕೂಗಿದಳು. ಹಂಡ್ಯಾ ಬಾಯಿ ಬಿಟ್ಟಿತು. ಬಿಟ್ಟು ಓಡಲಿಲ್ಲ. ಅವಳ ಮುಖ ನೋಡುತ್ತ, ರಕ್ತ ಹತ್ತಿದ ಬಾಯಿ ನೆಕ್ಕಿಕೊಳ್ಳುತ್ತ, ಅಲ್ಲೇ ಮುದುಡಿ ನಿಂತಿತು.

"ಹುಚ್ಚು ಏರೈತಿ, ಸರೀರಿ," ಎಂದು ಕಾಮಣ್ಣ ಕೂಗಿಕೊಂಡು ಬಂದ. ಮಲಕಾರಿ ಹೆಂಡತಿಯನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಅವಳು ಏನೋ ಹೇಳುತ್ತಿದ್ದಳು, ಯಾರಿಗೂ ಕೇಳಲಿಲ್ಲ. ಬಂದೂಕಿನ ಸದ್ದಿಗೆ ದಡ್ಡಿಯ ಕುರಿಗಳೆಲ್ಲ ಒಂದೇ ಸಲ ಎದ್ದು ಬಲೆಗೆ ಒತ್ತಿದವು. ಹಂಡ್ಯಾ ಬಿದ್ದ ಕಡೆಯಲ್ಲೇ ಸ್ವಲ್ಪ ಹೊತ್ತು ಕಾಲು ಆಡಿಸಿತು. ಹಗ್ಗ ಇನ್ನೂ ಕೊರಳಲ್ಲಿತ್ತು.

ಎಲ್ಲರಿಗೂ ಸಮಾಧಾನವಾಯಿತು ಎಂದರೆ ತಪ್ಪಾಗಲಾರದು. ಹುಚ್ಚು ನಾಯಿ, ಹುಚ್ಚು ಏರಿತು, ಕಡಿಯಿತು, ಹೊಡೆದರು. ಇದರಲ್ಲಿ ಯಾರದೂ ಏನೂ ತಪ್ಪಿಲ್ಲ. ವಿಠೋಬಾ ಹೆಣದ ಹಣೆಗೆ ಭಂಡಾರ ಹಚ್ಚಿ, ಕಣ್ಣೊರೆಸಿಕೊಂಡು, ಬದುವಿನ ಬುಡದಲ್ಲಿ ತಾನೇ ಕುಣಿ ತೋಡಿದ. ನಾಯಿಗೆಂದು ಹೂಡಿದ್ದ ಚಕ್ಕಡಿಯಲ್ಲಿ ಸಾವಕ್ಕನನ್ನು ಕೂರಿಸಿ ಮಂದಿಯ ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಮಲಕಾರಿ ಅವಳ ಕೈಗೆ ಸುತ್ತಿದ್ದ ಅರಿವೆಯನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ.

ಡಾಕ್ಟರು ವಯಸ್ಸಾದವರು. ಗಾಯಕ್ಕೆ ಸಾಬೂನು ಹಾಕಿ ನೀರು ಸುರಿದು ತೊಳೆಯುತ್ತ, "ನಾಯಿ ಎಲ್ಲೈತಿ?" ಎಂದು ಕೇಳಿದರು.

"ಹೊಡದ ಹಾಕೀವ್ರಿ ಸಾಹೇಬ್ರ. ಹುಚ್ಚು ಏರಿತ್ರಿ," ಎಂದ ಮಲಕಾರಿ.

"ಅದಕ್ಕ ಹುಚ್ಚುನಾಯಿ ಕಡದದ್ದು ಯಾವಾಗ?"

"ಮೊನ್ನೆ ಮಧ್ಯಾಹ್ನರಿ."

ಡಾಕ್ಟರು ತೊಳೆಯುವುದನ್ನು ನಿಲ್ಲಿಸಿದರು. "ಮೊನ್ನೆ ಕಡದ್ರ ಇವತ್ತ ಹುಚ್ಚು ಏರಂಗಿಲ್ಲೋ. ವಾರಗಟ್ಟಲೆ ಬೇಕು. ಏನರ ಇರಲಿ, ಹುಚ್ಚುನಾಯಿ ಸಂಗಾಟ ಕಡದಾಡಿದ ಬಾಯಿ ಅದು, ಹೊಟ್ಟಿಗೆ ಸೂಜಿ ತಗೋಳೂದು ತಪ್ಪಂಗಿಲ್ಲ." ಅವರು ಸಾವಕ್ಕನ ಕಡೆ ತಿರುಗಿದರು. "ಅದು ತಾನಾಗೇ ಮೈಮ್ಯಾಲ ಬಂದು ಕಡೀತೋ, ನೀವ ಏನರ ಮಾಡಿದ್ದಕ್ಕ ಕಡೀತೋ? ಖರೇ ಹೇಳವ್ವ, ಬರಕೋಬೇಕು ನಾ."

ಮಲಕಾರಿ ಬಾಯಿ ತೆರೆದ. ಸಾವಕ್ಕ ಅವನಿಗಿಂತ ಮೊದಲು ಮಾತಾಡಿದಳು.

"ಹುಚ್ಚು ಇರಲಿಲ್ಲರಿ ಅದಕ್ಕ. ನನ್ನ ನಂಬಿ ತೊಡಿ ಮ್ಯಾಲ ತಲಿ ಇಟಗೊಂಡು ಮಲಗಿತ್ರಿ. ನಾ ಕೊಳ್ಳ ಹಿಡದೆ, ಇವರು ಬಡಗಿ ಎತ್ತಿದ್ರು. ಯಾವಾಗ್ಲೂ ಹಂಗ ಮಾಡ್ತಿದ್ವಿ. ಅದನ್ನ ಹೊಡದಾಕಿ ನಾನೇರಿ."

ಡಾಕ್ಟರು ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಮಂಚದ ಮೇಲೆ ಮಲಗಿ ಹೊಟ್ಟೆಯ ಮೇಲಿನ ಸೀರೆ ಸರಿಸಿಕೊಳ್ಳಲು ಸಾವಕ್ಕನಿಗೆ ಹೇಳಿದರು.